ಯಾವ ಯಮನೂರ?

ಕಾರಾಗೃಹ, ಬೆಂಗಳೂರು
4 ಡಿಸೆಂಬರ್ 2023

ಪ್ರೊಬೇಷನ್ ಆಫೀಸರ್ ಶೈಲಜಾ ಮೇಡಮ್ಮೋರಿಗೆ ಯಮನೂರನ ನಮಸ್ಕಾರಗಳು.

ನಾನು ಪೀಣ್ಯದ ಹಿತ್ತಾಳೆ ವಾಲ್ವ್ ಫ್ಯಾಕ್ಟರಿ ಕೇಸಿನವನು. ನಿಮ್ಮ ಟೇಬಲ್ ಮುಂದೆ ದಿನಕ್ಕೆ ಎಷ್ಟು ಮಂದಿ ಕೂರುತ್ತಾರೋ, ನೆನಪಿರಲಿಕ್ಕಿಲ್ಲ. ಅಕ್ಟೋಬರಿನಲ್ಲಿ ನನ್ನನ್ನು ಕೂರಿಸಿಕೊಂಡು ಒಂದು ತಾಸು ಪ್ರಶ್ನೆ ಕೇಳಿದಿರಿ. ಎಷ್ಟು ಓದಿದ್ದೀಯ, ಕುಡಿಯುತ್ತೀಯಾ, ಹೆಂಡತಿಯನ್ನು ಹೊಡೆಯುತ್ತೀಯಾ. "ಅಕಿನ ನನ್ನ ಹೊಡೀತಾಳ್ರೀ" ಎಂದಾಗ ನೀವು ನಕ್ಕುಬಿಟ್ಟಿರಿ. ಆ ನಗುವಿನ ಧೈರ್ಯದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಕದ್ದದ್ದು ನಿಜ. ಊಟದ ಡಬ್ಬಿಯಲ್ಲಿ ಹಿತ್ತಾಳೆ ಚೂರು ಮೂರು ಸಲ ಹೊರಗೆ ತಂದೆ, ನಾಲ್ಕನೆಯ ಸಲ ಗೇಟಿನಲ್ಲಿ ಸಿಕ್ಕಿಬಿದ್ದೆ. ಯಾಕೆ ಎಂದರೆ ದೊಡ್ಡ ಕಾರಣ ಏನೂ ಇಲ್ಲ. ಜೊತೆಯವರು ತರುತ್ತಿದ್ದರು, ನಾನೂ ತಂದೆ. ನಮ್ಮ ಕಡೆ ನಿಂತ ಉಚಿತ ವಕೀಲರು ಹೇಳಿದರು: "ತಪ್ಪು ಒಪ್ಕೊಂಡ್ಬಿಡು. ಮೊದಲ್ನೇ ಸಲ. ಪ್ರೊಬೇಷನ್ ಆಫೀಸರ್ ವರದಿ ಚೆನ್ನಾಗಿ ಬಂದ್ರೆ ಒಳ್ಳೇ ನಡತೆ ಬಾಂಡ್ ಬರೆಸ್ಕೊಂಡು ಮನೆಗೆ ಕಳಿಸ್ತಾರೆ." ಒಪ್ಪಿಕೊಂಡೆ. ವರದಿಯಲ್ಲಿ "ಸ್ಥಿರ ವಾಸಸ್ಥಳವಿಲ್ಲ, ನೆರೆಹೊರೆಯ ಅಭಿಪ್ರಾಯ ಅನುಕೂಲಕರವಾಗಿಲ್ಲ" ಎಂದು ಬಂತು. ಜಡ್ಜ್ ಸಾಹೇಬರು ಒಂದು ವರ್ಷ ಬರೆದರು.

ನಿಮ್ಮನ್ನು ದೂರುತ್ತಿಲ್ಲ ಮೇಡಂ. ನೀವು ಬಂದಾಗ ಕೋಣೆಗೆ ಬೀಗ ಇತ್ತು, ಇನ್ನೇನು ಬರೆಯುತ್ತೀರಿ? ಒಂದು ವಾರ ಮೊದಲು ಬಂದಿದ್ದರೆ ನೋಡುತ್ತಿದ್ದಿರಿ, ರಾಜಗೋಪಾಲನಗರದ ಆ ಕೋಣೆಯಲ್ಲಿ ನಾವು ನಾಲ್ಕು ವರ್ಷ ಇದ್ದೆವು. ನನ್ನ ಕೇಸಿನ ಸುದ್ದಿಯನ್ನು ಯಾರೋ ಮನೆ ಮಾಲೀಕಳು ವೆಂಕಟಮ್ಮನ ಕಿವಿಗೆ ಹಾಕಿದರು. ಆಕೆ ಎರಡು ದಿನದಲ್ಲಿ ಖಾಲಿ ಮಾಡಿಸಿದಳು. ಯಾರು ಹೇಳಿದ್ದು ಎಂದರೆ "ನಿಮ್ಮೋರೇ" ಎಂದಳು, ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ನಮ್ಮ ಕೋಣೆಗೆ ಬಂದುಹೋಗುವವರಲ್ಲಿ ಕೇಸಿನ ವಿಷಯ ಗೊತ್ತಿದ್ದದ್ದು ನನ್ನ ಅಣ್ಣ ಯಂಕಪ್ಪನಿಗೆ ಮಾತ್ರ. ಹಿಂದಿನ ವಾರವೇ ಬಂದು "ನಮ್ಮ ಮನಿ ಮರ್ಯಾದಿ ಕಳದಿ" ಎಂದು ಬೈದು ಹೋಗಿದ್ದ.

ಈಗ ವಕೀಲರು ಮೇಲಿನ ಕೋರ್ಟಿಗೆ ಅಪೀಲು ಹಾಕಿದ್ದಾರೆ. ಅಲ್ಲಿಂದ ನಿಮಗೆ ಇನ್ನೊಂದು ವರದಿ ಕೇಳಬಹುದಂತೆ. ನನ್ನ ಹೆಂಡತಿ ಸವಿತಾ, ಮಗಳು ವೈಟ್‌ಫೀಲ್ಡಿನಲ್ಲಿ ಸವಿತಾಳ ಚಿಕ್ಕಮ್ಮನ ತಗಡಿನ ಶೆಡ್ಡಿನಲ್ಲಿದ್ದಾರೆ. ಒಮ್ಮೆ ಹೋಗಿ ನೋಡಿ ಬರೆಯಿರಿ. ಜಾಮೀನಿನ ಮೇಲೆ ಹೊರಗೆ ಬರಬಹುದಿತ್ತು. ಮೊದಲು ಯಂಕಪ್ಪನೇ ಜಾಮೀನು ಹೊಂದಿಸಿದ್ದ, ಈಗಲೂ ಸಿದ್ಧ ಎನ್ನುತ್ತಾನಂತೆ. ನಮ್ಮ ಮನೆ ಕಳೆದವನ ಜಾಮೀನು ನನಗೆ ಬೇಡ ಎಂದು ವಕೀಲರಿಗೆ ಹೇಳಿದ್ದೇನೆ.

ಕಾಗದವನ್ನು ಇಲ್ಲಿನ ಸಾಹೇಬರು ಓದಿಯೇ ಕಳಿಸುತ್ತಾರೆ. ತಡವಾದರೆ ಅದಕ್ಕೇ.

ಇಂತಿ ನಿಮ್ಮ ವಿಧೇಯ,
ಯಮನೂರ


ಬೆಂಗಳೂರು
22 ಡಿಸೆಂಬರ್ 2023

ಶ್ರೀ ಯಮನೂರ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಸಾಮಾನ್ಯವಾಗಿ ಇಂಥ ಖಾಸಗಿ ಪತ್ರಗಳಿಗೆ ನಾನು ಉತ್ತರಿಸುವುದಿಲ್ಲ. ಒಬ್ಬರಿಗೆ ಬರೆದರೆ ಎಲ್ಲರಿಗೂ ಬರೆಯಬೇಕಾಗುತ್ತದೆ.

ವರದಿ ಎಂದರೆ ಕಂಡದ್ದನ್ನು ಬರೆಯುವುದು. ನವೆಂಬರ್ 2ರಂದು ಬಂದಾಗ ಕೋಣೆಗೆ ಬೀಗವಿತ್ತು, ಹಾಗೆಯೇ ಬರೆದೆ. ಹದಿನಾಲ್ಕು ವರ್ಷಗಳ ಕೆಲಸದಲ್ಲಿ ನನ್ನ ಒಂದು ವರದಿಯನ್ನೂ ಯಾವ ನ್ಯಾಯಾಧೀಶರೂ ಹಿಂದಕ್ಕೆ ಕಳಿಸಿಲ್ಲ. ಆ ವಾರ ಇಂಥ ಹನ್ನೊಂದು ವರದಿಗಳಿದ್ದವು. ಇದನ್ನು ನೆಪ ಎಂದು ತಿಳಿಯಬೇಡಿ, ನಡೆದದ್ದನ್ನು ಹೇಳಿದೆ.

ಮೇಲಿನ ನ್ಯಾಯಾಲಯ ವರದಿ ಕೇಳಿದರೆ ನಿಮ್ಮ ಪತ್ನಿಯನ್ನು ಭೇಟಿ ಮಾಡುತ್ತೇನೆ. ಕೇಸಿನ ವಿಷಯ ವೆಂಕಟಮ್ಮನಿಗೆ ಹೇಗೆ ತಿಳಿಯಿತು, ಯಾರಿಂದ ತಿಳಿಯಿತು ಎಂದು ಈಗ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ. ಜಾಮೀನಿನ ವಿಷಯದಲ್ಲಿ ಹಟ ಮಾಡಬೇಡಿ. ಮೂಗಿನ ಮೇಲಿನ ಸಿಟ್ಟಿಗೆ ಮೂಗು ಕೊಯ್ದುಕೊಂಡರೆ ಮತ್ತೆ ಬರುತ್ತದೆಯೇ ಎಂದು ನಮ್ಮ ತಾಯಿ ಹೇಳುತ್ತಾರೆ.

ಈ ಸಲ ಚಳಿ ಹೆಚ್ಚಾಗಿದೆ. ಕೇಳಿದರೆ ಇನ್ನೊಂದು ಕಂಬಳಿ ಕೊಡುತ್ತಾರೆ. ಕೇಳಿ.

ಶೈಲಜಾ
ಪ್ರೊಬೇಷನ್ ಅಧಿಕಾರಿ


ಕಾರಾಗೃಹ, ಬೆಂಗಳೂರು
11 ಜನವರಿ 2024

ಮೇಡಮ್ಮೋರಿಗೆ ನಮಸ್ಕಾರ.

ಕಂಬಳಿ ಸಿಕ್ಕಿತು! ನಿಮ್ಮ ಕಾಗದ ತೋರಿಸಿದೆ, ಮೇಡಮ್ಮೇ ಬರೆದಿದ್ದಾರೆ ನೋಡ್ರೀ ಎಂದೆ. ಬ್ಯಾರಕಿನವರೆಲ್ಲ ಸುತ್ತ ಕೂತು ಓದಿಸಿಕೊಂಡರು. ಒಬ್ಬ ಮುದುಕ, "ಶಿಕ್ಷೆ ಆದ್ಮೇಲೂ ಕಾಗದ ಬರೆಯೋ ಆಫೀಸರು ಇದಾರಾ ಮಗಾ? ನಿನ್ನ ಪುಣ್ಯ" ಎಂದ. ನನಗೂ ಹಾಗೇ ಅನಿಸಿತು. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ಬೆಳಿಗ್ಗೆ ಇಲ್ಲಿನ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಸವಿತಾ ತಿಂಗಳಿಗೊಮ್ಮೆ ಬರುತ್ತಾಳೆ, ಮಗಳನ್ನು ಕರೆತರಬೇಡ ಎಂದಿದ್ದೇನೆ. ಅಪ್ಪ ಮಂಗಳೂರಿನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಹೋಗಿದ್ದಾನೆ ಎಂದು ಅವಳಿಗೆ ಹೇಳಿದ್ದೇವೆ. ಹಡಗಿನ ಚಿತ್ರ ಬರೆದು ಕಳಿಸಿದ್ದಾಳೆ. ನೋಡಿ ನಾಚಿಕೆಯಾಯಿತು, ಗೋಡೆಗೆ ಅಂಟಿಸಲಿಲ್ಲ.

ಯಂಕಪ್ಪ ಬಂದಿದ್ದ. ಹೆಬ್ಬಗೋಡಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಾನೆ. ಭೇಟಿಗೆ ಹೆಸರು ಕೂಗಿದರು, ನಾನು ಹೋಗಲಿಲ್ಲ. ಸಂಜೆಯ ತನಕ ಕೂತಿದ್ದನಂತೆ. ಹೇಳಿದರೆ ನಗುತ್ತೀರಿ, ಆ ರಾತ್ರಿ ನನಗೂ ಊಟ ಸೇರಲಿಲ್ಲ. ಅಪ್ಪ ಸತ್ತಾಗ ನನಗೆ ಆರು ವರ್ಷ. ಇವನೇ ಹೆಗಲ ಮೇಲೆ ಕೂರಿಸಿಕೊಂಡು ಸಾಲೆಗೆ ಬಿಟ್ಟು ಬರುತ್ತಿದ್ದ. ಅಂಥವನು ಯಾಕೆ ಹೀಗೆ ಮಾಡಿದ? ಬೈದಿದ್ದ, ಸರಿ. ಎರಡು ಏಟು ಹೊಡೆದಿದ್ದರೂ ಸುಮ್ಮನಿರುತ್ತಿದ್ದೆ. ಹೆಂಡತಿ ಮಕ್ಕಳು ಬೀದಿಗೆ ಬೀಳುವ ಹಾಗೆ ಮಾಡಬೇಕಿತ್ತೇ?

ಮುಂದಿನ ತಿಂಗಳು ಮತ್ತೆ ಬರುತ್ತಾನಂತೆ. ನಾನು ಏನು ಮಾಡಲಿ? ನನಗೆ ಹೇಳುವ ಹಿರಿಯರು ಇನ್ನು ಯಾರೂ ಇಲ್ಲ. ನೀವು ಹೇಳಿದ ಹಾಗೆ ಕೇಳುತ್ತೇನೆ.

ನಿಮ್ಮ
ಯಮನೂರ


ಬೆಂಗಳೂರು
2 ಫೆಬ್ರವರಿ 2024

ಯಮನೂರ ಅವರಿಗೆ,

ಮೇಲಿನ ನ್ಯಾಯಾಲಯದಿಂದ ಪತ್ರ ಬಂದಿದೆ, ಹೊಸ ವರದಿ ಕೇಳಿದ್ದಾರೆ. ವಿಚಾರಣೆ ಮೇ ತಿಂಗಳ ಕೊನೆಗೆ ಬರಬಹುದು.

ಕಳೆದ ಶನಿವಾರ ವೈಟ್‌ಫೀಲ್ಡಿಗೆ ಹೋಗಿದ್ದೆ. ಈ ಸಲ ದಾರಿಯಲ್ಲಿ ಯಾರನ್ನೂ ಕೇಳಲಿಲ್ಲ. ಸವಿತಾಗೆ ಫೋನ್ ಮಾಡಿ ಬಸ್ ಸ್ಟಾಪಿಗೇ ಕರೆಸಿಕೊಂಡೆ. ಅಪಾರ್ಟ್‌ಮೆಂಟಿನಲ್ಲಿ ಕ್ಲೀನಿಂಗ್ ಕೆಲಸ ಸಿಕ್ಕಿದೆಯಂತೆ. ಮಗಳು ಚುರುಕಾಗಿದ್ದಾಳೆ. ಸವಿತಾ ಹೆಚ್ಚು ಮಾತಾಡಲಿಲ್ಲ, ಕೇಳಿದ್ದಕ್ಕೆ ಹೌದು ಇಲ್ಲ ಎಂದಳು ಅಷ್ಟೆ. ಸಂಕೋಚದ ಹೆಣ್ಣು. ತೊಂದರೆ ಏನೆಂದರೆ ಆ ಶೆಡ್ಡು ಯಾವುದೋ ಕಟ್ಟಡದ ಗುತ್ತಿಗೆದಾರನದು. ಕೆಲಸ ಮುಗಿದ ಕೂಡಲೇ ಕಿತ್ತುಹಾಕುತ್ತಾರೆ. ಅದನ್ನು ಸ್ಥಿರ ವಾಸಸ್ಥಳ ಎಂದು ನಾನು ಬರೆಯಲಾಗುವುದಿಲ್ಲ. ನೋಡೋಣ.

ಅಣ್ಣನ ವಿಷಯ. ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಕ್ಷಮಿಸಿಬಿಡಿ. ಯಾರೇ ಆಗಲಿ, ಬೇಕೆಂದೇ ಕೆಟ್ಟದ್ದು ಮಾಡಿರಲಿಕ್ಕಿಲ್ಲ. ಬಾಯಿ ತಪ್ಪಿ ಒಂದು ಮಾತು ಹೊರಗೆ ಬಂದಿರಬಹುದು. ಮನುಷ್ಯರಲ್ಲವೇ? ಅದನ್ನೇ ಹಿಡಿದುಕೊಂಡು ಕೂತರೆ ನಷ್ಟ ನಿಮಗೇ. ಅವರು ಬಂದರೆ ಎದ್ದು ಹೋಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂದು ಹೇಳಿ, ಜಾಮೀನಿಗೆ ಒಪ್ಪಿಕೊಳ್ಳಿ. ನೀವು ಬೇಗ ಹೊರಗೆ ಬಂದರೆ ನನಗೂ ಸಮಾಧಾನ.

ಶೈಲಜಾ


ಕಾರಾಗೃಹ, ಬೆಂಗಳೂರು
20 ಫೆಬ್ರವರಿ 2024

ಮೇಡಮ್ಮೋರಿಗೆ,

ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಸೋಮವಾರ ಯಂಕಪ್ಪ ಬಂದ. ಎದ್ದು ಹೋದೆ. ನಡುವೆ ಜಾಲರಿ, ಅಕ್ಕಪಕ್ಕ ಇಪ್ಪತ್ತು ಜನರ ಕೂಗಾಟ. ನಾನೂ ಕೂಗಿಯೇ ಹೇಳಬೇಕಾಯಿತು: "ಅಣ್ಣಾ, ಆದದ್ದಾತು. ನಾ ನಿನ್ನ ಕ್ಷಮಿಸೀನಿ."

ಅವನ ಮುಖ ಕಪ್ಪಿಟ್ಟಿತು. "ಏನಂದಿ? ಏನು ಮಾಡೀನಂತ ಕ್ಷಮಿಸ್ತಿಲೇ ನನ್ನ?" ಎಂದ. ವೆಂಕಟಮ್ಮನಿಗೆ ಹೇಳಿದ್ದಕ್ಕೆ ಎಂದೆ. ಆಗ ಅವನಿಗೆ ಗೊತ್ತಾಯಿತು, ನಾನು ಇಷ್ಟು ದಿನ ಯಾಕೆ ಮುಖ ತೋರಿಸಲಿಲ್ಲ ಎಂದು. ಜಾಲರಿ ಹಿಡಿದು ಅಲ್ಲಾಡಿಸಿದ. "ಕಳವು ಮಾಡಿದಾವ ನೀನು. ನಿಂಗ ಜಾಮೀನು ಹುಡುಕಿ ಮಂದಿ ಕಾಲು ಹಿಡದಾವ ನಾನು. ನೀ ನನ್ನ ಕ್ಷಮಿಸ್ತಿ?" ಪೊಲೀಸಿನವರು ಬಂದು ಎಳೆದುಕೊಂಡು ಹೋದರು. ಹೋಗುವಾಗ, "ಇನ್ನ ನಿನ್ನ ಜಾಮೀನು ಇಲ್ಲ, ನಿನ್ನ ಮಾರಿ ನೋಡೂದಿಲ್ಲ" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಪ್ಪು ಮಾಡದವನಿಗೆ ಅಷ್ಟು ಸಿಟ್ಟು ಯಾಕೆ ಬರಬೇಕು? ನನ್ನ ಅನುಮಾನ ಹೋಯಿತು, ಅವನೇ.

ಆದರೂ ನಿಮ್ಮ ಮಾತು ಮೀರಲಿಲ್ಲ ಎಂಬ ಸಮಾಧಾನ ಇದೆ. ಇನ್ನು ಜಾಮೀನಿಲ್ಲ. ನಿಮ್ಮ ವರದಿ ಒಂದೇ ದಾರಿ.

ನಿಮ್ಮ
ಯಮನೂರ


ಬೆಂಗಳೂರು
15 ಏಪ್ರಿಲ್ 2024

ಯಮನೂರ ಅವರಿಗೆ,

ಸುಮಾರು ಎರಡು ತಿಂಗಳು ನಾನು ಉತ್ತರ ಬರೆಯಲಿಲ್ಲ. ಕೆಲಸದ ಒತ್ತಡ ಎಂದು ಒಂದು ಪತ್ರ ಬರೆದು ಹರಿದುಹಾಕಿದೆ. ಆರೋಗ್ಯ ಸರಿಯಿರಲಿಲ್ಲ ಎಂದು ಇನ್ನೊಂದು. ಅದೂ ಸುಳ್ಳೇ.

ನಿಮ್ಮ ಮನೆ ಕಳೆದವಳು ನಾನು. ಯಂಕಪ್ಪ ಅಲ್ಲ.

ನವೆಂಬರ್ 2ರದ್ದು ನನ್ನ ಎರಡನೆಯ ಭೇಟಿ. ಮೊದಲ ಸಲ ಬಂದದ್ದು ಅಕ್ಟೋಬರ್ 26ರ ಮಧ್ಯಾಹ್ನ. ನೀವಿಬ್ಬರೂ ಕೆಲಸಕ್ಕೆ ಹೋಗಿದ್ದಿರಿ. ನಮ್ಮ ಕೆಲಸದಲ್ಲಿ ಒಂದು ಪಾಠವಿದೆ, ಪುಸ್ತಕದಲ್ಲಿ ಇರುವಂಥದಲ್ಲ, ಹಿರಿಯರು ಹೇಳಿಕೊಡುವುದು. ಬೀದಿಯಲ್ಲಿ ನಿಂತು ಕೇಸಿನ ಮಾತು ಎತ್ತಬಾರದು. ರೇಷನ್ ಕಾರ್ಡ್ ವಿಚಾರಣೆ ಎನ್ನಬೇಕು, ಓಟಿನ ಪಟ್ಟಿ ಎನ್ನಬೇಕು, ಅದರ ನಡುವೆ ಮನುಷ್ಯ ಹೇಗೆ ಎಂದು ಕೇಳಿಕೊಂಡು ಬರಬೇಕು. ಹದಿನಾಲ್ಕು ವರ್ಷ ಹಾಗೇ ಮಾಡಿದ್ದೇನೆ. ಹೊಸಬರಿಗೆ ನಾನೇ ಕಲಿಸಿದ್ದೇನೆ.

ನಿಮ್ಮ ವಠಾರದಲ್ಲಿ ಹನ್ನೆರಡು ಕೋಣೆ, ಒಂದಕ್ಕೂ ನಂಬರಿಲ್ಲ. ವೆಂಕಟಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ರೇಷನ್ ಕಾರ್ಡ್ ವಿಚಾರಣೆ, ಯಮನೂರನ ಮನೆ ಯಾವುದು ಎಂದೆ.

"ಯಾವ ಯಮನೂರ? ಮೂರು ಜನ ಅವ್ರೆ ನಮ್ಮಲ್ಲಿ."

ಕೊಪ್ಪಳದ ಕಡೆಯವನು ಎಂದೆ.

"ಮೂರೂ ಆ ಕಡೆಯೋರೇ."

ಮದುವೆಯಾಗಿದೆ, ಫ್ಯಾಕ್ಟರಿ ಕೆಲಸ ಎಂದೆ.

"ಮೂವರ್ಗೂ ಆಗೈತೆ. ಇಲ್ಲಿ ಫ್ಯಾಕ್ಟ್ರಿ ಬಿಟ್ರೆ ಇನ್ನೇನೈತಮ್ಮ?"

ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಇನ್ನೂ ಎರಡು ಮನೆ ನೋಡುವುದಿತ್ತು. ಆಕೆ ನನ್ನನ್ನು ಆಟ ಆಡಿಸುತ್ತಿದ್ದಾಳೆ ಅನಿಸಿತು. "ಅದೇ ಕಣಮ್ಮ, ಹಿತ್ತಾಳೆ ಕಳ್ಳತನದ ಕೇಸಲ್ಲಿ ಇದಾನಲ್ಲ, ಅವನು" ಎಂದುಬಿಟ್ಟೆ.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಎದುರು ಬಾಗಿಲಿನ ಹೆಂಗಸು ತಲೆ ಹೊರಗೆ ಹಾಕಿದಳು. ನಾನು ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತು, ಒಡೆದ ಮುತ್ತು. ಹತ್ತಿರ ಹೋಗಿ ಮೆಲ್ಲಗೆ, "ನಾನು ಬಂದಿದ್ದೆ ಅಂತ ಯಾರಿಗೂ ಹೇಳ್ಬೇಡಿ" ಎಂದು ಕೇಳಿಕೊಂಡೆ. ನಿಮ್ಮ ಮರ್ಯಾದೆ ಉಳಿಸಲು ಹಾಗೆಂದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಉಳಿಸಿಕೊಂಡದ್ದು ನನ್ನದನ್ನು.

ಒಂದು ವಾರ ಬಿಟ್ಟು ಹೋದರೆ ಬೀಗ. ವೆಂಕಟಮ್ಮ ಉಪಕಾರ ಮಾಡಿದವರ ಮುಖ ಮಾಡಿಕೊಂಡು ಹೇಳಿದರು: "ಕಳ್ರುನ್ನ ಇಟ್ಕೊಂಡ್ರೆ ಮಿಕ್ಕಿದೋರು ಇರ್ತಾರಾ? ಕಳಿಸ್ಬಿಟ್ಟೆ. ನಿಮ್ಮ ಹೆಸ್ರು ಎತ್ತಿಲ್ಲ ಬಿಡಮ್ಮ, ನಿಮ್ಮೋರೇ ಯಾರೋ ಅಂದೆ." ಮರುದಿನ ವರದಿ ಕೊಡಬೇಕಿತ್ತು. ನನ್ನ ವಿಚಾರಣೆಯಿಂದಲೇ ಈತ ಮನೆ ಕಳೆದುಕೊಂಡ ಎಂದು ಒಂದು ಸಾಲು ಬರೆದಿದ್ದರೆ ನೀವು ಇವತ್ತು ಮನೆಯಲ್ಲಿರುತ್ತಿದ್ದಿರಿ. ಆ ಸಾಲು ಬರೆಯಲು ಕೈ ಏಳಲಿಲ್ಲ. "ಸ್ಥಿರ ವಾಸಸ್ಥಳವಿಲ್ಲ" ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ ನೋಡಿ. ಥೂ, ನನ್ನ ಜನ್ಮಕ್ಕೆ.

ಆಮೇಲೆ ನೀವು ಕಾಗದ ಬರೆದಿರಿ. ನಾನು ಕಂಬಳಿ ಕೇಳಿ ಎಂದೆ, ಅಣ್ಣನನ್ನು ಕ್ಷಮಿಸಿ ಎಂದೆ. ನಾನು ಮಾಡಿದ್ದಕ್ಕೆ ಅವರನ್ನು ಕ್ಷಮಿಸಲು ಹೇಳಿದೆ. ಫೆಬ್ರವರಿಯ ನಿಮ್ಮ ಕಾಗದ ಓದಿದ ದಿನದಿಂದ ಊಟದ ತಟ್ಟೆ ಮುಂದೆ ಕೂತರೆ ಅದೇ ನೆನಪಾಗುತ್ತದೆ. ನಮ್ಮ ತಾಯಿ, "ಯಾಕವ್ವಾ, ಯಾರರ ಏನರ ಅಂದ್ರೇನು?" ಎಂದು ಕೇಳಿದರು. ಯಾರೂ ಏನೂ ಅಂದಿಲ್ಲ, ಅದೇ ಕಷ್ಟ.

ಮಾರ್ಚಿನಲ್ಲಿ ಯಂಕಪ್ಪ ನನ್ನ ಆಫೀಸಿಗೆ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತರು, ಕೂರಿ ಎಂದರೂ ಕೂರಲಿಲ್ಲ. "ಅವಂಗ ನೀವರ ಹೇಳ್ರೀ ಮೇಡಂ, ನಿಮ್ಮ ಮಾತು ಕೇಳ್ತಾನ. ನಮ್ಮವ್ವನ ಆಣಿ, ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ" ಎಂದು ಅತ್ತರು. ನಾನು "ನೋಡೋಣ" ಎಂದೆ. ಅಷ್ಟೇ ಹೇಳಿ ಕಳಿಸಿದೆ. ಎದುರಿಗಿದ್ದಾಗ ಬಾಯಿ ಬರಲಿಲ್ಲ, ಈವರೆಗೂ ಅವರಿಗೆ ಹೇಳಿಲ್ಲ.

ಇವತ್ತು ಹೊಸ ವರದಿ ಸಲ್ಲಿಸಿದ್ದೇನೆ. ನಡೆದದ್ದೆಲ್ಲ ಅದರಲ್ಲಿದೆ, ತಾರೀಕು ಸಮೇತ. ಸಹೋದ್ಯೋಗಿ ಮಲ್ಲಿಕ್ ಓದಿ ತಲೆ ಹಿಡಿದುಕೊಂಡರು. "ತಲೆ ಕೆಟ್ಟಿದೆಯಾ ಮೇಡಂ? ಬರವಣಿಗೆಯಲ್ಲಿ ಯಾರಾದ್ರೂ ಒಪ್ಕೋತಾರಾ? ಮೆಮೋ ಬರುತ್ತೆ ನಿಮಗೆ." ಬರಲಿ. ನಿಮಗೆ ಒಂದು ವರ್ಷ ಬಂದಿದೆ, ನನಗೆ ಒಂದು ಮೆಮೋ ಬರಲಿ.

ಕ್ಷಮಿಸಿ ಎಂದು ಬರೆಯುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ.

ಶೈಲಜಾ


ಕಾರಾಗೃಹ, ಬೆಂಗಳೂರು
29 ಏಪ್ರಿಲ್ 2024

ಮೇಡಮ್ಮೋರಿಗೆ ನಮಸ್ಕಾರ.

ಕಾಗದ ಮುಟ್ಟಿತು. ಮನುಷ್ಯ ಎಂದ ಮೇಲೆ ತಪ್ಪು ಆಗುತ್ತದೆ. ನೀವು ದೊಡ್ಡವರು, ದೊಡ್ಡ ಮನಸ್ಸು ಮಾಡಿ ಬರೆದಿದ್ದೀರಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನಗೆ ಏನೂ ಬೇಸರವಿಲ್ಲ.

ವಿಚಾರಣೆ ಮೇ 27ಕ್ಕೆ ಇದೆ ಎಂದು ವಕೀಲರು ತಿಳಿಸಿದರು. ನಿಮ್ಮ ವರದಿ ಆ ದಿನ ಸಾಹೇಬರ ಮುಂದೆ ಇರುವ ಹಾಗೆ ದಯಮಾಡಿ ನೋಡಿಕೊಳ್ಳಿ.

ನಿಮ್ಮ ವಿಧೇಯ,
ಯಮನೂರ


ಬೆಂಗಳೂರು
6 ಜೂನ್ 2024

ಪ್ರೀತಿಯ ಯಮನೂರ,

ಈ ಪತ್ರದ ಜೊತೆ ಆಫೀಸಿನ ಸೂಚನಾಪತ್ರವನ್ನೂ ಇಟ್ಟಿದ್ದೇನೆ. ಬಾಂಡಿನಲ್ಲಿ ಕೊಟ್ಟ ಚೊಕ್ಕಸಂದ್ರದ ಹೊಸ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಮನೆ ಸಿಕ್ಕಿತಲ್ಲ, ಬಹಳ ಸಂತೋಷವಾಯಿತು. ಸವಿತಾ ಗಟ್ಟಿಗಿತ್ತಿ.

ತೀರ್ಪಿನ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನ್ಯಾಯಾಧೀಶರು ನನ್ನ ವರದಿಯನ್ನು ಗಟ್ಟಿಯಾಗಿ ಓದಿಸಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು. ಅಲ್ಲಿದ್ದ ವಕೀಲರೆಲ್ಲ ತಿರುಗಿ ನೋಡಿದರು. ಆದರೆ "ಒಳ್ಳೆಯ ನಡತೆಯ ಬಾಂಡಿನ ಮೇಲೆ ಬಿಡುಗಡೆ, ಒಂದು ವರ್ಷ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆ" ಎಂದಾಗ ಎಲ್ಲ ಮರೆತೆ. ಮೆಮೋ ಕೂಡ ಬಂದಿದೆ. ಉತ್ತರ ಬರೆದುಕೊಟ್ಟಿದ್ದೇನೆ. ಏನಾಗುತ್ತದೋ ಆಗಲಿ.

ಏಪ್ರಿಲಿನ ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. "ನನಗೆ ಏನೂ ಬೇಸರವಿಲ್ಲ" ಎಂದು ಬರೆದೆಯಲ್ಲ, ಅವತ್ತು ಆರು ತಿಂಗಳ ನಂತರ ಕಣ್ತುಂಬ ನಿದ್ದೆ ಬಂತು. ನಮ್ಮ ತಾಯಿಗೆ ಓದಿ ಹೇಳಿದೆ. "ಭಾಳ ಚಲೋ ಹುಡುಗ" ಎಂದರು. ನನಗೆ ತಮ್ಮಂದಿರಿಲ್ಲ. ಇನ್ನು ಮೇಲೆ ನೀನು ನನ್ನ ತಮ್ಮ ಎಂದೇ ತಿಳಿದುಕೊಂಡಿದ್ದೇನೆ.

ನಿಯಮದ ಪ್ರಕಾರ ತಿಂಗಳಿಗೊಮ್ಮೆ ನೀನು ಬಂದು ಸಹಿ ಮಾಡಬೇಕು, ನಾನು ಮನೆಗೆ ಬಂದು ನೋಡಬೇಕು. ಮೊದಲ ಸಹಿ ಜುಲೈ 8, ಸೋಮವಾರ. ಅದರ ಮುಂದಿನ ಭಾನುವಾರ ನಾನೇ ಬರುತ್ತೇನೆ. ಆಫೀಸರ್ ಆಗಿ ಅಲ್ಲ, ಮನೆಯವಳಾಗಿ ಬರುತ್ತೇನೆ. ಮಗಳಿಗೆ ಒಂದು ಫ್ರಾಕ್ ತೆಗೆದಿಟ್ಟಿದ್ದೇನೆ. ಸವಿತಾಗೆ ಹೇಳು, ಸಂಕೋಚಪಡಬಾರದು ತಮ್ಮಾ, ಅಕ್ಕ ಬಂದಳೆಂದು ತಿಳಿಯಲಿ.

ನಿನ್ನ ಅಕ್ಕ,
ಶೈಲಜಾ


ಚೊಕ್ಕಸಂದ್ರ
2 ಜುಲೈ 2024

ಶೈಲಜಾ ಮೇಡಂ ಅವರಿಗೆ,

ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೋದರೆ ನಾನು ಮತ್ತೆ "ಇರ್ಲಿ ಬಿಡ್ರೀ ಮೇಡಂ" ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಯಾವ ಸಾಹೇಬರೂ ಓದುವುದಿಲ್ಲ.

ಏಪ್ರಿಲಿನಲ್ಲಿ ನಿಮ್ಮ ಕಾಗದ ಬಂದ ದಿನ ನಾನು ಹಿಟ್ಟಿನ ತೊಟ್ಟಿಯ ಹತ್ತಿರ ಕೂತು ಅತ್ತೆ. ಹಿಂದೆ ಬರೆದ ಕಾಗದಗಳೆಲ್ಲ ನೆನಪಾದವು. ನಿಮ್ಮನ್ನು ದೇವರು ಚೆನ್ನಾಗಿಟ್ಟಿರಲಿ ಎಂದಿದ್ದೆ. ನಾಚಿಕೆಯಿಂದ ಸತ್ತುಹೋದೆ. ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಮೂರು ಕಾಗದ ಬರೆದು ಹರಿದೆ. ನಾಲ್ಕನೆಯದು ನಿಮಗೆ ಬಂತು. ನನ್ನ ಬಿಡುಗಡೆ ನಿಮ್ಮ ಕೈಯಲ್ಲಿತ್ತು ಮೇಡಂ. ನನ್ನ ಕಾಗದ ಜೈಲರ್ ಸಾಹೇಬರ ಕೈಯಲ್ಲಿತ್ತು. ಒಳಗೆ ಕೂತವನು ಬೇರೆ ಏನು ಬರೆಯಲಿಕ್ಕಾಗುತ್ತದೆ? ಬೇಸರವಿಲ್ಲ ಎಂದರೆ ನೀವು ನಂಬಿದಿರಿ. ಹದಿನಾಲ್ಕು ವರ್ಷ ನಮ್ಮಂಥವರನ್ನು ನೋಡಿದ್ದೀರಿ, ಅದು ಹೇಗೆ ನಂಬಿದಿರೋ.

ಬಿಡುಗಡೆಯಾದ ಮರುದಿನ ಹೆಬ್ಬಗೋಡಿಗೆ ಹೋದೆ. ಯಂಕಪ್ಪ ಬಾಗಿಲು ತೆಗೆದ, ಒಳಗೆ ಬಾ ಎನ್ನಲಿಲ್ಲ. ಹೊಸ್ತಿಲ ಹೊರಗೆ ನಿಂತುಕೊಂಡೇ ನಿಮ್ಮ ಕಾಗದ ಓದಿ ಹೇಳಿದೆ. ವೆಂಕಟಮ್ಮನ ಮಾತು, ಬೀಗ, ಎಲ್ಲ. ಕಾಲು ಹಿಡಿದೆ. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.

"ಇದನ್ನ ನೀನ ಬರದಿ" ಎಂದ. "ನಂಗ ಓದಾಕ ಬರೂದಿಲ್ಲಂತ ಏನರ ಓದ್ತಿಯೇನು? ಆ ಮೇಡಂ ಮುಂದ ನಾ ನಿಂತು ಅತ್ತೀನಿ. ಅಕಿದ ತಪ್ಪಿದ್ದರ ಅವತ್ತ ಹೇಳ್ತಿದ್ದಿಲ್ಲೇನು? ಅಷ್ಟು ದೊಡ್ಡ ಆಫೀಸರು, ಎದುರಿಗೆ ಅಳಾಕತ್ತಾವನ್ನ ನೋಡಿ ಸುಮ್ನ ಕುಂದರ್ತಾಳೇನು?"

ವಕೀಲರ ಹತ್ತಿರ ಹೋಗಿ ಕೋರ್ಟಿನ ತೀರ್ಪು ತಂದು ತೋರಿಸಲೇ ಎಂದೆ. ಕಾಗದ ಎಲ್ಲ ಒಂದೇ ಎಂದು ಬಾಗಿಲು ಹಾಕಿಕೊಂಡ. ಜಾಮೀನಿಗೆಂದು ಯಾರ್ಯಾರ ಕಾಲು ಹಿಡಿದನೋ, ಆ ಮಂದಿಯೆಲ್ಲ ಈಗ ಅವನನ್ನು ತಮ್ಮನ ಮನೆ ಮುರಿದವನು ಎನ್ನುತ್ತಾರೆ. ಜಾಲರಿಯ ಜಗಳದ ಮೇಲೆ ಭೇಟಿಗೆ ಬಂದವರಿಗೆಲ್ಲ ಅದನ್ನು ಹೇಳಿ ಊರ ತುಂಬ ಹಬ್ಬಿಸಿದವನು ನಾನೇ.

ನಮ್ಮ ಹೊಸ ಮನೆಗೆ ಬರಬೇಡಿ. ಮನೆ ಒಡತಿ ಧನಲಕ್ಷ್ಮಮ್ಮ ಒಳ್ಳೆಯವರು, ಅವರಿಗೆ ನಮ್ಮ ವಿಷಯ ಗೊತ್ತಿಲ್ಲ. ನಿಯಮ ಇದ್ದರೆ ಮಲ್ಲಿಕ್ ಸಾಹೇಬರನ್ನು ಕಳಿಸಿ, ಬರುವ ಮೊದಲು ಫೋನ್ ಮಾಡಲಿ. ಫ್ರಾಕ್ ಬೇಡ. ಸವಿತಾಗೆ ನಿಮ್ಮ ಮೇಲೆ ಸಿಟ್ಟಿಲ್ಲವಂತೆ, ತಪ್ಪು ಒಪ್ಪಿಕೊಂಡರಲ್ಲ ಎನ್ನುತ್ತಾಳೆ. ನನಗೆ ಇದೆ. ಕಡಿಮೆಯಾದರೆ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ.

ತಮ್ಮ ಎಂದು ಬರೆದಿದ್ದೀರಿ. ನನಗೆ ಒಬ್ಬ ಅಣ್ಣ ಇದ್ದ, ಅವನು ಸಾಕಾಗಿತ್ತು. ಅವನ ಮನೆಗೆ ನೀವು ಹೋಗಬೇಕು. ಕಾಗದ ಕಳಿಸಬೇಡಿ, ನೀವೇ ಎದುರಿಗೆ ನಿಂತು ಹೇಳಬೇಕು. ಹೆಬ್ಬಗೋಡಿಯಲ್ಲಿ ಬಸ್ಸಿಳಿದು ಯಾರನ್ನಾದರೂ ಕೇಳಿ, ಗಾರೆ ಕೆಲಸದ ಯಂಕಪ್ಪ ಎಂದರೆ ತೋರಿಸುತ್ತಾರೆ. ಅಲ್ಲಿ ಯಂಕಪ್ಪ ಒಬ್ಬನೇ ಇರುವುದು.

ಸೋಮವಾರ ಹತ್ತೂವರೆಗೆ ಬಂದು ಸಹಿ ಮಾಡುತ್ತೇನೆ. ಒಂದು ವರ್ಷ, ಹನ್ನೆರಡು ಸಹಿ, ಒಂದೂ ತಪ್ಪಿಸುವುದಿಲ್ಲ. ಕುಡಿಯುತ್ತೀಯಾ, ಕೆಲಸ ಹೇಗಿದೆ ಎಂದು ನೀವು ಕೇಳುವುದನ್ನೆಲ್ಲ ಕೇಳಿ, ಉತ್ತರ ಕೊಡುತ್ತೇನೆ. ನೀವು ಕೇಳಿ ಮುಗಿಸಿದ ಮೇಲೆ ಪ್ರತಿ ಸಲವೂ ನಾನು ಒಂದು ಮಾತು ಕೇಳುತ್ತೇನೆ.

ಹೋಗಿದ್ದಿರಾ ಮೇಡಂ?

ಯಮನೂರ